ಪ್ರಶಸ್ತಿ ಚಿತ್ರಗಳಿಗೆ ಸಂಜೆಯ ಆಟ ಕೊಡಿ

ಮಾನ್ಯ ಸಂಪಾದಕರೇ,

ರಾಷ್ಟ್ರಪ್ರಶಸ್ತಿಯ ಪಟ್ಟಿ ಹೊರಬಿದ್ದಾಗಲೆಲ್ಲ ‘ಇವು ಜನ ನೋಡುವ ಸಿನಿಮಾಗಳಲ್ಲ’ ಎಂಬ ಮಾತು ಏಳುತ್ತದೆ. ಕಲ್ಯಾಣ ಕರ್ನಾಟಕದ ಪ್ರೇಕ್ಷಕರಿಗಂತೂ ಹೊಡೆದಾಟ, ಹಾಡು ಇದ್ದರೆ ಸಾಕು ಎಂದು ತೀರ್ಪನ್ನೇ ಕೊಟ್ಟುಬಿಡುತ್ತಾರೆ. ಸರಿಯಾಗಿ ತೋರಿಸದೆಯೇ ಕೊಟ್ಟ ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಪ್ರಮಾಣಪತ್ರ ಪಡೆದ ಚಿತ್ರ ರಾಷ್ಟ್ರಪ್ರಶಸ್ತಿಗೆ ಅರ್ಹ. ಎಷ್ಟು ದಿನ ಓಡಿತು ಎಂಬುದು ಲೆಕ್ಕಕ್ಕಿಲ್ಲ. ಜನಪ್ರಿಯ ಚಿತ್ರಕ್ಕೆಂದೇ 1975ರಿಂದ ಬೇರೆ ವಿಭಾಗವಿದೆ. 2022ರ ಸಾಲಿನಲ್ಲಿ ಅದು ‘ಕಾಂತಾರ’ಕ್ಕೆ ಬಂತು, ಅತ್ಯುತ್ತಮ ಕನ್ನಡ ಚಿತ್ರ ‘ಕೆಜಿಎಫ್ ಚಾಪ್ಟರ್ 2’ ಆಯಿತು. ಮರುವರ್ಷ ಅದೇ ಕನ್ನಡ ಪ್ರಶಸ್ತಿ ‘ಕಂದೀಲು’ ಪಾಲಿಗೆ. ಮೊದಲೆರಡನ್ನು ಕಾಣದವರು ಇಲ್ಲಿ ವಿರಳ. ಮೂರನೆಯದರ ಹೆಸರು ಕೇಳಿದವರು ಎಷ್ಟು ಮಂದಿ?

ಹಿಂದಿ, ತೆಲುಗು ವಿತರಕರ ಲೆಕ್ಕದಲ್ಲಿ ನಮ್ಮ ಭಾಗ ಹಿಂದಿನಿಂದಲೂ ‘ನಿಜಾಂ’ ಪ್ರದೇಶ. ಹೈದರಾಬಾದಿನಿಂದ ಬರುವ ದೊಡ್ಡ ಚಿತ್ರ ಸಂಜೆಯ ಆಟಗಳನ್ನು ಹಿಡಿದರೆ, ತಾರೆಯಿಲ್ಲದ ಕನ್ನಡ ಚಿತ್ರಕ್ಕೆ ಉಳಿಯುವುದು ಬೆಳಗಿನ ಆಟ. ಹೊಲಕ್ಕೆ, ಅಂಗಡಿಗೆ, ಕಚೇರಿಗೆ ಹೋಗುವವರು ಆ ಹೊತ್ತಿಗೆ ಬರುವುದು ಹೇಗೆ? ಬಾಯಿಮಾತಿನಿಂದ ಬೆಳೆಯಬೇಕಾದ ಚಿತ್ರ ಗುರುವಾರಕ್ಕೇ ಎತ್ತಂಗಡಿ.

ಇದಕ್ಕಿಂತ ದೊಡ್ಡ ತೊಡಕು ಬೆಳಕು, ಶಬ್ದಗಳದ್ದು. ಪರದೆಯ ಮೇಲೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪನ್ನು ಅಳೆಯುವ ಮಾನ) ಬೆಳಕಿರಬೇಕೆಂಬುದು ಡಿಜಿಟಲ್ ಪ್ರದರ್ಶನದ ಮಾನದಂಡ. ಪ್ರೊಜೆಕ್ಟರಿನ ಝೆನಾನ್ ದೀಪವನ್ನು ಆಯುಷ್ಯ ಮುಗಿದ ಮೇಲೂ ಉರಿಸಿದರೆ, ಪರದೆಗೆ ಧೂಳು ಕೂತರೆ, ಅದು ತೀರಾ ಇಳಿದುಬಿಡುತ್ತದೆ. ಹಾಡಿನ ದೃಶ್ಯ ಮಂಕಾದರೂ ನಡೆದೀತು. ಲಾಟೀನಿನ ಬೆಳಕಲ್ಲಿ ಚಿತ್ರಿಸಿದ ರಾತ್ರಿಯಲ್ಲಿ ನಟರ ಮುಖವೇ ಕಾಣದು. ಶಬ್ದಮಿಶ್ರಣ ಮಾಡುವಾಗ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ, 7ರಲ್ಲಿರುತ್ತದೆ. ಅಬ್ಬರದ ಚಿತ್ರಕ್ಕೆಂದು ಅದನ್ನು 5ಕ್ಕೋ 4.5ಕ್ಕೋ ಇಳಿಸಿದ ಆಪರೇಟರ್ ಮತ್ತೆ ಏರಿಸುವುದನ್ನು ಮರೆತರೆ, ಮುಂದಿನ ವಾರ ಬಂದ ಮೆಲುದನಿಯ ಚಿತ್ರದ ಮಾತೆಲ್ಲ ಮೇ ತಿಂಗಳ ಕೂಲರ್ ಸದ್ದಿನಲ್ಲಿ ಮುಳುಗುತ್ತದೆ. ಜನ ‘ಬೋರು’ ಎಂದು ಎದ್ದು ಹೋದರೆ ಅವರ ಅಭಿರುಚಿಯನ್ನು ಬೈಯುವುದು ಅನ್ಯಾಯ.

ಅಡಿಬರಹದ (ಸಬ್‌ಟೈಟಲ್) ಕಥೆಯೂ ಇದೇ. ಬ್ಯಾರಿ, ತುಳು, ಕೊಡವ ಚಿತ್ರಗಳು ನಮ್ಮ ರಾಜ್ಯದವೇ ಆದರೂ ಉತ್ಸವದ ಪ್ರತಿಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಗ್ಲಿಷ್ ಅಡಿಬರಹ. ಕನ್ನಡದ್ದನ್ನು ಬರಿಯ ಪಠ್ಯವಾಗಿ ಕೊಟ್ಟರೆ ಚಿತ್ರಮಂದಿರಗಳಲ್ಲಿ ಚಿತ್ರ ಓಡಿಸುವ ಕೆಲವು ಸರ್ವರ್‌ಗಳಲ್ಲಿ ಒತ್ತಕ್ಷರಗಳು ಒಡೆದುಹೋಗುತ್ತವೆ. ಪ್ರತಿ ಸಾಲನ್ನೂ ಪಿಎನ್‌ಜಿ ಚಿತ್ರವಾಗಿ ಕೊಟ್ಟರೆ ಆ ತೊಂದರೆ ಇಲ್ಲ.

ಪ್ರಶಸ್ತಿ ಬಂದದ್ದೆಲ್ಲ ಒಳ್ಳೆಯ ಸಿನಿಮಾ ಎಂದು ನಾವು ವಾದಿಸುತ್ತಿಲ್ಲ. ಒಂದು ಸಾಮಾಜಿಕ ಸಮಸ್ಯೆ ಎತ್ತಿಕೊಂಡದ್ದೇ ಅರ್ಹತೆಯಾಗಿ, ಕಥೆ ಹೇಳುವ ಕಸುಬೇ ಇಲ್ಲದ ಚಿತ್ರಗಳೂ ಗೆದ್ದಿವೆ. ಅಂಥವನ್ನು ಜನ ತಿರಸ್ಕರಿಸಲಿ, ಆದರೆ ನೋಡಿ ತಿರಸ್ಕರಿಸಲಿ.

ಚಲನಚಿತ್ರ ಅಕಾಡೆಮಿ ಮತ್ತು ವಾರ್ತಾ ಇಲಾಖೆ ತಿಂಗಳಿಗೊಂದು ಪ್ರಶಸ್ತಿ ಚಿತ್ರವನ್ನು ಕಲಬುರಗಿಯ ಒಂದು ಚಿತ್ರಮಂದಿರದಲ್ಲಿ ಶನಿವಾರ, ಭಾನುವಾರ ಸಂಜೆ ಆರೂವರೆಗೆ ಆಡಿಸಲಿ. ರಂಗಮಂದಿರ ಬೇಡ, ನಾಟಕಕ್ಕೆ ಕಟ್ಟಿದ ಸಭಾಂಗಣದಲ್ಲಿ ಸಿನಿಮಾದ ಮಾತು ಗೋಡೆಗೆ ಬಡಿದು ಕಲಸಿಹೋಗುತ್ತದೆ. ಹಿಂದಿನ ದಿನ ಒಂದು ರಾತ್ರಿಯ ದೃಶ್ಯ, ಒಂದು ಪಿಸುಮಾತಿನ ದೃಶ್ಯ ಹಾಕಿ, ಕೊನೆಯ ಸಾಲಿನಲ್ಲಿ ಕೂತು, ಕೂಲರ್ ಓಡಿಸಿಯೇ ಪರೀಕ್ಷಿಸಬೇಕು. ಚಿತ್ರದ ಬೀಗ ತೆಗೆಯುವ ಡಿಜಿಟಲ್ ಕೀ ಆಟದ ಹೊತ್ತಿಗಷ್ಟೇ ಚಾಲ್ತಿಗೆ ಬಂದರೆ ಈ ಪರೀಕ್ಷೆ ಸಾಧ್ಯವಿಲ್ಲ. ಒಂದು ದಿನ ಮೊದಲೇ ತೆರೆಯುವ ಕೀಯನ್ನು ಕೇಳಿ ಪಡೆಯಬೇಕು. ಚಿತ್ರ ತುಂಬಿದ ಅದೇ ಡಿಸ್ಕನ್ನು ಮುಂದಿನ ವಾರ ಬೀದರಿಗೆ, ಆಮೇಲೆ ಯಾದಗಿರಿಗೆ ಕಳಿಸಬಹುದು. ಆಯಾ ಚಿತ್ರಮಂದಿರದ ಸರ್ವರ್‌ಗೆ ಕೀ ಮಾತ್ರ ಬೇರೆ ಬೇಕಾಗುತ್ತದೆ.

– ಚಿತ್ರಾಸಕ್ತರು, ಕಲಬುರಗಿ