ಲಸಿಕೆಯ ನಂತರದ ನರನೋವು: ತಪಾಸಣೆ ಅರ್ಧಕ್ಕೇ ನಿಲ್ಲದಿರಲಿ

ಮಾನ್ಯ ಸಂಪಾದಕರೇ,

ಲಸಿಕೆ ಹಾಕಿಸಿಕೊಂಡ ಕೆಲವರು ಮೈತುಂಬ ನೋವು, ಕೈಕಾಲು ಜೋಮು, ಅಂಗಾಲಿನ ಉರಿ ವಾರಗಟ್ಟಲೆ ಇಳಿಯದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾರೆ. ಅವರಿಗೆ ಒಂದೆಡೆ ‘ರಿಪೋರ್ಟ್ ಎಲ್ಲ ನಾರ್ಮಲ್ ಇದೆ, ಟೆನ್ಷನ್ ಬಿಡಿ’ ಎಂಬ ಸಮಾಧಾನ ಸಿಗುತ್ತದೆ, ಇನ್ನೊಂದೆಡೆ ‘ಇದು ಲಸಿಕೆಯಿಂದಲೇ ಬಂದದ್ದು’ ಎಂಬ ತೀರ್ಪು. ಸರಿಯಾಗಿ ಪರೀಕ್ಷಿಸಿ ನೋಡುವ ಕೆಲಸ ಮಾತ್ರ ಎರಡೂ ಕಡೆ ಬಾಕಿ ಉಳಿಯುತ್ತದೆ.

ಸಾಮಾನ್ಯವಾಗಿ ಮಾಡಿಸುವ ನರ್ವ್ ಕಂಡಕ್ಷನ್ ಪರೀಕ್ಷೆ ದಪ್ಪ ನರತಂತುಗಳ ಸ್ಥಿತಿಯನ್ನಷ್ಟೇ ಹೇಳುತ್ತದೆ. ಉರಿ, ನೋವು, ಬಿಸಿ, ತಂಪುಗಳನ್ನು ಒಯ್ಯುವ ಸಣ್ಣ ತಂತುಗಳು ಹಾಳಾಗಿದ್ದರೂ ಆ ವರದಿ ಸರಿಯಾಗಿಯೇ ಬರಬಹುದು. ಕಾಲಿನ ಗಿಣ್ಣಿನ ಮೇಲ್ಭಾಗದಿಂದ ಸುಮಾರು 3 ಮಿಲಿಮೀಟರ್ ಅಗಲದ ಚರ್ಮದ ತುಣುಕು ತೆಗೆದು, ಅದರಲ್ಲಿನ ತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದರೆ ಆ ದೋಷ ಗೊತ್ತಾಗುತ್ತದೆ. ಅದಕ್ಕೂ ಮೊದಲು ಸಕ್ಕರೆ, ಥೈರಾಯ್ಡ್ ಮತ್ತು ಬಿ12 ಮಟ್ಟವನ್ನು ನೋಡಬೇಕು, ಮಲಗಿದಾಗಲೂ ಎದ್ದು ನಿಂತಾಗಲೂ ರಕ್ತದೊತ್ತಡ ಅಳೆಯಬೇಕು. ಬಿ12 ಕೊರತೆಯಂಥ ಗುಣವಾಗಬಲ್ಲ ಕಾರಣವೊಂದು ಲಸಿಕೆಯ ವಾಗ್ವಾದದ ನಡುವೆ ಕಣ್ತಪ್ಪಿ ಹೋದರೆ ಅದು ರೋಗಿಗೆ ಮಾಡಿದ ಅನ್ಯಾಯವೇ ಸರಿ. ಕಾಲಿನಿಂದ ಮೇಲೇರುತ್ತ ಬರುವ ಬಲಹೀನತೆಯಂತೂ ಕಾಯುವಂಥದ್ದಲ್ಲ, ಅಂಥವರನ್ನು ಕೂಡಲೇ ದಾಖಲಿಸಬೇಕು.

ಕಾರಣದ ಪ್ರಶ್ನೆಗೆ ಒಬ್ಬರ ಕಥೆಯಿಂದ ಉತ್ತರ ಸಿಗುವುದಿಲ್ಲ, ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಬೇಕು. ಅಮೆರಿಕದಲ್ಲಿ 1976ರ ಹಂದಿಜ್ವರದ ಲಸಿಕೆಯಿಂದ ಲಕ್ಷಕ್ಕೆ ಸುಮಾರು ಒಬ್ಬರಂತೆ ಗಿಯಾನ್ ಬಾರೆ ಎಂಬ, ದೇಹದ ರೋಗನಿರೋಧಕ ವ್ಯವಸ್ಥೆಯೇ ನರಗಳ ಮೇಲೆ ದಾಳಿ ಮಾಡಿ ಬಲಹೀನತೆ ತರುವ ಕಾಯಿಲೆ ಹೆಚ್ಚಿದ್ದು ಇಂಥ ಲೆಕ್ಕದಿಂದಲೇ ತಿಳಿಯಿತು. ಜಪಾನಿನಲ್ಲಿ ಇದೇ ಲೆಕ್ಕ ಬೇರೆಯದನ್ನು ಹೇಳಿತು. ಅಲ್ಲಿ 2013ರ ಏಪ್ರಿಲ್‌ನಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದ ಬೆನ್ನಲ್ಲೇ ಹುಡುಗಿಯರಲ್ಲಿ ತೀವ್ರ ನೋವಿನ ದೂರುಗಳು ಬಂದವು, ಜೂನ್‌ನಲ್ಲಿ ಸರ್ಕಾರ ತನ್ನ ಶಿಫಾರಸನ್ನು ತಡೆಹಿಡಿಯಿತು. ಶೇ 70ರ ಆಸುಪಾಸಿನಲ್ಲಿದ್ದ ಲಸಿಕೆಯ ಪ್ರಮಾಣ ಶೇ 1ಕ್ಕಿಂತ ಕೆಳಗಿಳಿಯಿತು. ನಗೋಯಾ ನಗರದಲ್ಲಿ ಸುಮಾರು 30,000 ಯುವತಿಯರ ಉತ್ತರಗಳಲ್ಲಿ 24 ಲಕ್ಷಣಗಳನ್ನು ಹೋಲಿಸಿದಾಗ ಲಸಿಕೆಗೂ ಅವುಗಳಿಗೂ ಸಂಬಂಧ ಕಾಣಲಿಲ್ಲ. ಆದರೂ ಶಿಫಾರಸು ಮರಳಿ ಜಾರಿಗೆ ಬಂದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ಎಷ್ಟೋ ಹುಡುಗಿಯರು ಗರ್ಭಕಂಠದ ಕ್ಯಾನ್ಸರಿನ ವಿರುದ್ಧದ ರಕ್ಷಣೆಯಿಲ್ಲದೆ ಬೆಳೆದರು. ಹಾಗೆಂದು ನೋವಿನಿಂದ ಶಾಲೆಗೆ ಹೋಗಲಾಗದಿದ್ದ ಹುಡುಗಿಯ ಸಂಕಟ ಆ ಅಂಕಿಅಂಶದಿಂದ ಸುಳ್ಳಾಗುವುದಿಲ್ಲ. ಕಾರಣ ಯಾವುದೇ ಇರಲಿ, ಆಕೆಗೆ ಚಿಕಿತ್ಸೆ ಬೇಕೇ ಬೇಕು.

ಆದ್ದರಿಂದ ದೂರು ಹೇಳಿಕೊಂಡು ಬಂದ ಪ್ರತಿಯೊಬ್ಬರ ಲಸಿಕೆಯ ಬ್ಯಾಚ್ ಸಂಖ್ಯೆ, ನೋವು ಶುರುವಾದ ದಿನ, ಅದಕ್ಕೆ ಮುಂಚಿನ ಜ್ವರ ಅಥವಾ ಸೋಂಕು, ಹಳೆಯ ಕಾಯಿಲೆಗಳು ಇವನ್ನೆಲ್ಲ ವೈದ್ಯರು ಮೊದಲ ಭೇಟಿಯಲ್ಲೇ ಬರೆದುಕೊಂಡು ಆರೋಗ್ಯ ಇಲಾಖೆಗೆ ತಿಳಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕಾರಣ ನಿರ್ಣಯದ ಕ್ರಮದಲ್ಲಿ ‘ಅನಿಶ್ಚಿತ’ ಎಂಬ ವರ್ಗಕ್ಕೂ ಜಾಗವಿದೆ. ಪುರಾವೆ ಸಾಲದಿದ್ದಾಗ ಹಾಗೆಂದೇ ಬರೆಯಲು ಯಾವ ವೈದ್ಯರೂ ಹಿಂಜರಿಯಬಾರದು. ಪರಿಶೀಲನೆ ಮುಗಿದ ಮೇಲೆ ತೀರ್ಮಾನವನ್ನೂ ಅದರ ಆಧಾರವನ್ನೂ ಕಡತದಲ್ಲಿ ಇಟ್ಟುಬಿಡದೆ, ಒಂದು ಪ್ರತಿಯನ್ನು ರೋಗಿಯ ಕೈಗೆ ಕೊಡಬೇಕು.

ಇಂತಿ,
ತಮ್ಮ ಓದುಗ