ಮೀನು ಸತ್ತ ಕೆರೆಯ ನೀರು: ಮಧ್ಯಾಹ್ನದ ಮಾದರಿ ಸಾಲದು

ಸಂಪಾದಕರೇ,

ಬೇಸಿಗೆಯ ಮೊದಲ ಮಳೆ ಬಿದ್ದ ಬೆನ್ನಿಗೇ ಬೆಂಗಳೂರಿನ ಯಾವುದಾದರೊಂದು ಕೆರೆಯಲ್ಲಿ ಮೀನುಗಳು ಸತ್ತು ತೇಲುತ್ತವೆ. ‘ಆಮ್ಲಜನಕದ ಕೊರತೆ’ ಎಂಬ ಒಂದೇ ಸಾಲಿನ ಕಾರಣ ಹೊರಬೀಳುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತಾಗಲೂ ಮುಖ್ಯವಾಗಿ ಕೇಳಿಬಂದದ್ದು ಇದೇ. ಆ ಆಮ್ಲಜನಕ ಎಲ್ಲಿ ಹೋಯಿತು, ನೀರಿನಲ್ಲಿ ಬೇರೆ ವಿಷವೂ ಇತ್ತೇ ಎಂದು ಪತ್ತೆ ಮಾಡದಿದ್ದರೆ ಮುಂದಿನ ಮಳೆಗೆ ಮತ್ತೆ ಮೀನು ಸಾಯುತ್ತವೆ.

ತಪ್ಪು ಶುರುವಾಗುವುದು ನೀರು ಹಿಡಿಯುವ ಹೊತ್ತಿನಲ್ಲಿ. ಪಾಚಿಗಟ್ಟಿದ ಕೆರೆಯಲ್ಲಿ ರಾತ್ರಿಯಿಡೀ ಪಾಚಿಯೂ ಉಸಿರಾಡಿ ಆಮ್ಲಜನಕ ಬಳಸುತ್ತದೆ, ಹಗಲು ಬಿಸಿಲಿಗೆ ಅದೇ ಪಾಚಿ ಆಮ್ಲಜನಕ ಬಿಡುತ್ತದೆ. ಬೆಳಗಿನ ಜಾವ ಲೀಟರಿಗೆ 1 ಮಿ.ಗ್ರಾಂ.ಗೂ ಇಳಿದಿದ್ದ ಆಮ್ಲಜನಕ ಮಧ್ಯಾಹ್ನ 10 ದಾಟಬಹುದು. ಹನ್ನೆರಡು ಗಂಟೆಗೆ ನೀರು ಹಿಡಿದು, ಮೀನುಗಾರಿಕೆಗೆ ಬೇಕಾದ ಕನಿಷ್ಠ 4 ಮಿ.ಗ್ರಾಂ. ಇದೆ ಎಂದು ಬರೆದರೆ ಅದು ಸತ್ತ ಮೀನಿಗೆ ಸಂಬಂಧಿಸಿದ ಅಂಕಿಯೇ ಅಲ್ಲ. ಸೂರ್ಯೋದಯಕ್ಕೆ ಮುಂಚೆ, ಒಳಹರಿವಿನ ಬಾಯಿ, ನಡುಗೆರೆ, ಕೋಡಿ ಈ ಮೂರೂ ಕಡೆ ನೀರು ಹಿಡಿಯಬೇಕು. 300 ಮಿ.ಲೀ. ಬಿಒಡಿ ಬಾಟಲಿಯಲ್ಲಿ (ನೀರಿನ ಆಮ್ಲಜನಕ ಪರೀಕ್ಷೆಗೆ ಬಳಸುವ ಗಾಜಿನ ಬಾಟಲಿ) ಗುಳ್ಳೆ ಉಳಿಯದಂತೆ ತುಂಬಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡ್–ಅಜೈಡ್ ದ್ರಾವಣ ತಲಾ 2 ಮಿ.ಲೀ. ಹಾಕಿ ಮುಚ್ಚಿ ತಿರುಗಿಸಬೇಕು. ಕಂದು ಗಸಿ ಬಂದರೆ ಆಮ್ಲಜನಕ ಇದೆ, ಬಿಳಿಯಾಗಿಯೇ ಉಳಿದರೆ ಇಲ್ಲ. ಹೀಗೆ ಸ್ಥಿರಗೊಳಿಸದೆ ಪ್ರಯೋಗಾಲಯಕ್ಕೆ ಒಯ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಅಂಕಿಯನ್ನು ಬದಲಿಸುತ್ತವೆ.

ಕೊಳಚೆಯಿಂದ ಬರುವ ಅಮೋನಿಯಾವನ್ನು ಅಳೆಯುವಲ್ಲಿ ಆಗುವ ಎಡವಟ್ಟು ಇನ್ನೂ ದೊಡ್ಡದು. ಮೀನಿನ ಕಿವಿರನ್ನು ಕೆಡಿಸುವುದು ಒಟ್ಟು ಅಮೋನಿಯಾಕ್ಕಿಂತ ಹೆಚ್ಚಾಗಿ ಅದರಲ್ಲಿನ ಅಯಾನೀಕರಣವಾಗದ, ಅಂದರೆ ವಿದ್ಯುದಾವೇಶವಿಲ್ಲದ ಪಾಲು. 25 ಡಿಗ್ರಿಯಲ್ಲಿ ಪಿಎಚ್ (ನೀರಿನ ಆಮ್ಲ–ಕ್ಷಾರ ಗುಣದ ಅಳತೆ) 7 ಇದ್ದರೆ ಆ ಪಾಲು ಶೇ 1ಕ್ಕಿಂತ ಕಡಿಮೆ. ಪಿಎಚ್ 8ಕ್ಕೆ ಸುಮಾರು ಶೇ 5, 9ಕ್ಕೆ ಶೇ 36! ಕೊಳಚೆ ನೀರಿನ ಪ್ರಮಾಣ ಅಷ್ಟೇ ಇದ್ದರೂ, ಪಾಚಿ ಮಧ್ಯಾಹ್ನ ಪಿಎಚ್ ಏರಿಸಿದಾಗ ಅದರಲ್ಲಿನ ಅಮೋನಿಯಾ ವಿಷವಾಗುತ್ತದೆ. ಆ ಕ್ಷಣದ ಪಿಎಚ್ ಮತ್ತು ಉಷ್ಣತೆ ಬರೆಯದ ಅಮೋನಿಯಾ ವರದಿಯಿಂದ ಏನನ್ನೂ ತೀರ್ಮಾನಿಸಲಾಗದು. ಹಾಗಾಗಿ ಆಮ್ಲಜನಕಕ್ಕೆ ಬೆಳಗಿನ ಜಾವ, ಅಮೋನಿಯಾಕ್ಕೆ ಮಧ್ಯಾಹ್ನ, ಎರಡು ಸಲ ಹೋಗಲೇಬೇಕು.

ಮೀನನ್ನೂ ನೋಡಬೇಕು. ದೊಡ್ಡ ಕಾಟ್ಲಾ, ರೋಹು ಮೊದಲು ಸತ್ತು, ಬಾಯಿ ತೆರೆದು ಕಿವಿರಿನ ಮುಚ್ಚಳ ಅಗಲಿಸಿದ್ದರೆ ಆಮ್ಲಜನಕದ ಮೇಲೆ ಅನುಮಾನ. ಗಾಳಿಯನ್ನೇ ಉಸಿರಾಡಬಲ್ಲ ಕೊರವ, ಕ್ಯಾಟ್‌ಫಿಶ್ ಕೂಡ ಸತ್ತಿದ್ದರೆ, ಮರಿಗಳೇ ಮೊದಲು ಹೋಗಿದ್ದರೆ ವಿಷವನ್ನು ಹುಡುಕಬೇಕು. ರಕ್ತ ಕಂದುಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್. ಮಿದುಳಿನಲ್ಲಿ ನರಸಂದೇಶವನ್ನು ನಿಯಂತ್ರಿಸುವ ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವದ ಚಟುವಟಿಕೆ ಕುಸಿದಿದ್ದರೆ ಆರ್ಗನೊಫಾಸ್ಫೇಟ್ ಇಲ್ಲವೇ ಕಾರ್ಬಮೇಟ್ ಕೀಟನಾಶಕ. ಆದರೆ ಕೊಳೆತ ಮೀನಿನಿಂದ ಇದು ತಿಳಿಯದು. ಒದ್ದಾಡುತ್ತಿರುವ ಮೀನನ್ನೇ ಹಿಡಿದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಮಂಜುಗಡ್ಡೆಯಲ್ಲಿಡಬೇಕು. ನಮ್ಮಲ್ಲಿ ಜೆಸಿಬಿ ತಂದು ಹೂಳುವ ಅವಸರವೇ ಹೆಚ್ಚು.

ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆ ಬಂದಾಗಲೆಲ್ಲ ಕೋಹೊ ಸಾಲ್ಮನ್‌ಗಳು ಮೊಟ್ಟೆಯಿಡುವ ಮೊದಲೇ ಸಾಯುತ್ತಿದ್ದವು. ಮಳೆನೀರಿನೊಂದಿಗೆ ರಸ್ತೆಯಿಂದ ಹರಿದುಬರುವಂಥ ಟೈರ್ ಪುಡಿಯನ್ನು ನೆನೆಸಿದ ನೀರಿನ ಸಾವಿರಾರು ರಾಸಾಯನಿಕಗಳನ್ನು ಹಂತಹಂತವಾಗಿ ಬೇರ್ಪಡಿಸಿ, ಪ್ರತಿ ಭಾಗಕ್ಕೂ ಮೀನು ಒಡ್ಡಿ ನೋಡಿದ ವಿಜ್ಞಾನಿಗಳು 2020ರಲ್ಲಿ ಟೈರಿನ ರಬ್ಬರಿನಿಂದ ಹುಟ್ಟುವ 6ಪಿಪಿಡಿ–ಕ್ವಿನೋನ್ ಎಂಬ ವಸ್ತುವನ್ನು ಪತ್ತೆಮಾಡಿದರು. ಬೆಂಗಳೂರಿನ ರಾಜಕಾಲುವೆಗಳಲ್ಲೂ ಮೊದಲ ಮಳೆಗೆ ಬರುವುದು ಬರೀ ಕೊಳಚೆಯಲ್ಲ. ತಿಂಗಳುಗಟ್ಟಲೆ ರಸ್ತೆಯಲ್ಲಿ ಕೂತ ಟೈರ್ ಪುಡಿ, ಎಣ್ಣೆ, ಲೋಹಗಳೂ ಬರುತ್ತವೆ.

ಈ ಮಳೆಗಾಲಕ್ಕೆ ಮುನ್ನ ಪ್ರತಿ ವಲಯದಲ್ಲೂ ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ಪೆಟ್ಟಿಗೆ ಸಿದ್ಧವಿಡಲಿ: ಬಿಒಡಿ ಬಾಟಲಿಗಳು, ಅಮೋನಿಯಾ ಮಾದರಿಗೆ ಗಂಧಕಾಮ್ಲ, ಲೋಹಗಳ ಮಾದರಿಗೆ ನೈಟ್ರಿಕ್ ಆಮ್ಲ, ಕೀಟನಾಶಕಕ್ಕೆ ಕಂದು ಗಾಜಿನ ಬಾಟಲಿ, ಪಿಎಚ್ ಮೀಟರ್, ಐಸ್ ಪೆಟ್ಟಿಗೆ. ವರದಿಯಲ್ಲಿ ಪ್ರತಿ ಅಂಕಿಯ ಪಕ್ಕ ನೀರು ಹಿಡಿದ ಗಂಟೆ, ಜಾಗ ನಮೂದಾಗಲಿ. ಅದು ಸಾರ್ವಜನಿಕರಿಗೂ ಸಿಗಲಿ.

– ಜಲಜೀವಶಾಸ್ತ್ರ ಅಧ್ಯಾಪಕರು, ಬೆಂಗಳೂರು