ಮೆಕ್ಯಾನಿಕಲ್ಲೋ, ಮೆಕಾಟ್ರಾನಿಕ್ಸೋ?

ಸಂಪಾದಕರೇ,

ಸಿಇಟಿ ಆಪ್ಷನ್ ಎಂಟ್ರಿ (ಕಾಲೇಜು, ಕೋರ್ಸ್ ಆಯ್ಕೆ) ಹೊತ್ತಿಗೆ ಕೋಲಾರದ ಎಷ್ಟೋ ಮನೆಗಳಲ್ಲಿ ಇದೇ ಚರ್ಚೆ: ಎಂಜಿನಿಯರಿಂಗ್‌ನಲ್ಲಿ ಮೆಕ್ಯಾನಿಕಲ್ ತೆಗೆದುಕೊಳ್ಳುವುದೋ, ಯಂತ್ರದ ಜೊತೆ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೇರಿಸಿ ಕಲಿಸುವ ಮೆಕಾಟ್ರಾನಿಕ್ಸೋ? ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳನ್ನು ನೋಡಿದವರು ‘ಈಗ ರೋಬೋಟ್ ಕಾಲ, ಮೆಕಾಟ್ರಾನಿಕ್ಸೇ ಸರಿ’ ಎನ್ನುತ್ತಾರೆ. ಹೆಸರು ಹೊಸದು ಅಂತ ಸುಮ್ನೆ ಮರುಳಾಗಬೇಡಿ, ಸಿಲಬಸ್ ತೆಗೆದು ನೋಡಿ. ಮೆಕ್ಯಾನಿಕಲ್‌ನಲ್ಲಿ ಥರ್ಮೋಡೈನಾಮಿಕ್ಸ್, ಯಂತ್ರ ವಿನ್ಯಾಸ, ಉತ್ಪಾದನೆ ಆಳವಾಗಿ ಬರುತ್ತವೆ. ಮೆಕಾಟ್ರಾನಿಕ್ಸ್‌ನಲ್ಲಿ ಇವು ಸ್ವಲ್ಪ ಕಡಿಮೆ. ಆ ಜಾಗಕ್ಕೆ ಸೆನ್ಸರ್, ಮೋಟಾರ್ ನಿಯಂತ್ರಣ, ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್), ಪ್ರೋಗ್ರಾಮಿಂಗ್ ಬರುತ್ತವೆ. ಸರ್ಕ್ಯೂಟ್ ಕಂಡರೆ ಆಗದವರಿಗೆ ಕಷ್ಟ.

ಇನ್ನೊಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಎಂ.ಟೆಕ್ ಸೀಟಿಗೂ, ಕೆಲವು ಸಾರ್ವಜನಿಕ ಉದ್ಯಮಗಳ ಕೆಲಸಕ್ಕೂ ನೋಡುವ ಗೇಟ್ ಪರೀಕ್ಷೆಯಲ್ಲಿ ಮೆಕಾಟ್ರಾನಿಕ್ಸ್‌ಗೆ ಬೇರೆ ಪತ್ರಿಕೆಯೇ ಇಲ್ಲ. ಮೆಕ್ಯಾನಿಕಲ್ಲೋ, ಇನ್‌ಸ್ಟ್ರುಮೆಂಟೇಷನ್ನೋ, ಬೇರೊಂದು ಪತ್ರಿಕೆಯನ್ನೇ ಬರೆಯಬೇಕು. ಕೆಜಿಎಫ್‌ನ ಬಿಇಎಂಎಲ್‌ನಂಥ ಸಾರ್ವಜನಿಕ ಉದ್ಯಮದ ಮೇಲೆ ಕಣ್ಣಿದ್ದರೆ, ನೇಮಕಾತಿ ಪ್ರಕಟಣೆಯಲ್ಲಿ ಯಾವ ಪದವಿ ಕೇಳುತ್ತಾರೆ ಅಂತ ಈಗಲೇ ಓದಿಕೊಳ್ಳುವುದು ಒಳ್ಳೆಯದು, ಅಲ್ವಾ?

ಸೇರುವ ಮೊದಲು ಕಾಲೇಜಿನ ಲ್ಯಾಬಿಗೂ ಹೋಗಿ ಬನ್ನಿ. (ಕೆಲವು ಕಡೆ ರೋಬೋಟ್ ಇರುವುದು ಬ್ರೋಷರ್‌ನಲ್ಲಿ ಮಾತ್ರ!) ಜಿಲ್ಲೆಯ ಪಿಯು ಕಾಲೇಜುಗಳು ಆಪ್ಷನ್ ಎಂಟ್ರಿಗೆ ಮುಂಚೆ ಎರಡೂ ವಿಭಾಗದ ಮೇಷ್ಟ್ರುಗಳನ್ನು ಕರೆಸಿ, ಮಕ್ಕಳು ಪ್ರಶ್ನೆ ಕೇಳಲು ಅರ್ಧ ದಿನ ಬಿಟ್ಟುಕೊಡಲಿ.

– ಒಬ್ಬ ಪೋಷಕ, ಕೋಲಾರ